ನಾಲ್ಕು ಕಿತ್ತು ಮೂರು ಎಸೆಯುವುದು

ನೆಲನೆಲ್ಲಿ ದೊಡ್ಡ ಗಿಡವೇನಲ್ಲ. ಒಂದು ಗೇಣು ಎತ್ತರ. ಹುಣಸೆ ಎಲೆಯ ಹಾಗೆ ಸಣ್ಣ ಎಲೆಗಳು, ಕಡ್ಡಿಯ ಎರಡೂ ಬದಿಗೆ ಸಾಲಾಗಿ. ಕಡ್ಡಿ ಮಗುಚಿ ನೋಡಿದರೆ ಅಡಿಯಲ್ಲಿ ಸಾಸಿವೆಯಂಥ ಹಸಿರು ಕಾಯಿಗಳು ನೇತಾಡುತ್ತವೆ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಬಾಯಿಗೆ ಹಾಕಿದರೆ ಕಹಿ. ಮೊದಲ ಮಳೆ ಬಿದ್ದ ಮೇಲೆ ಠಾಣೆಯ ಪಕ್ಕದ ನಮ್ಮ ಕಳವಾ ಊರಿನಲ್ಲಿ ಎಲ್ಲೆಲ್ಲಿ ಸಿಮೆಂಟು ಒಡೆದಿದೆಯೋ ಅಲ್ಲೆಲ್ಲ ಹುಟ್ಟುತ್ತದೆ. ಗಟಾರದ ಅಂಚು, ರೈಲು ನಿಲ್ಲಿಸುವ ಕಾರ್‌ಶೆಡ್ಡಿನ ಗೋಡೆಯ ಬುಡ, ಹೂವಿನ ಕುಂಡ, ಎಲ್ಲಾದರೂ ಆದೀತು. ದೀಪಾವಳಿ ಕಳೆದ ಮೇಲೆ ಒಣಗಿ ಹೋಗುತ್ತದೆ. ಮರಾಠಿಯವರು ಭುಈ ಆವಳಾ ಅನ್ನುತ್ತಾರೆ. ಹೆಚ್ಚಿನವರು ಏನೂ ಅನ್ನುವುದಿಲ್ಲ, ತುಳಿದುಕೊಂಡು ಹೋಗುತ್ತಾರೆ.

ನಾನು ಇದರಿಂದ ಕಾಮಾಲೆಗೆ ಮದ್ದು ಕೊಡುತ್ತಿದ್ದೆ. ಕಲಿಸಿದ್ದು ಅತ್ತೆ. ಬೇರು ಸಮೇತ ಕಿತ್ತು, ತೊಳೆದು, ಅರೆದು, ನಿಂಬೆ ಗಾತ್ರದ ಉಂಡೆ ಮಾಡಿ ಮಜ್ಜಿಗೆಯಲ್ಲಿ ಕಲಸಿ ಕೊಡುವುದು. ಮೂರು ಬೆಳಗ್ಗೆ, ಖಾಲಿ ಹೊಟ್ಟೆಗೆ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಮೀನು ಇಲ್ಲ. ಮದ್ದು ಕೊಟ್ಟವರು ಪ್ರತಿಯಾಗಿ ವೀಳ್ಯದೆಲೆ ಅಡಿಕೆ ಬಿಟ್ಟು ಏನನ್ನೂ ತೆಗೆದುಕೊಳ್ಳಬಾರದು. ಗಿಡ ಯಾವುದೆಂದು ಯಾರಿಗೂ ಹೇಳಬಾರದು, ಹೇಳಿದರೆ ಮದ್ದಿನ ಗುಣ ಹೋಗುತ್ತದೆ. ವಾಸಿಯಾದವರು ಇದ್ದಾರೆ. ಆಗದವರು ತಿರುಗಿ ಬಂದು ಹೇಳಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ.

ಗುಟ್ಟು ಕಾಯಲು ಅತ್ತೆ ಒಂದು ಉಪಾಯ ಹೇಳಿಕೊಟ್ಟಿದ್ದರು. ನಾಲ್ಕು ಬಗೆಯ ಗಿಡ ಕೀಳು, ತಿರುವಿನಲ್ಲಿ ಮೂರನ್ನು ಎಸೆ. ನೋಡುವವರು ನೋಡಲಿ, ಯಾವುದು ಎಂದು ತಿಳಿಯಬಾರದು. ನಲವತ್ತು ಮಳೆಗಾಲ ಹಾಗೆಯೇ ಮಾಡಿದೆ.

ನಮ್ಮದು ಒಂದೊಂದೇ ಕೋಣೆಯ ಮನೆಗಳ ಸಾಲು; ನನ್ನ ಖೋಲಿಗೆ ತಾಗಿದ ಖೋಲಿಯಲ್ಲಿ ಕುಂದಾಪುರದ ಕಡೆಯವಳು ಒಬ್ಬಳಿದ್ದಾಳೆ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಗಂಡ ಠಾಣೆಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ನಮ್ಮಿಬ್ಬರ ಮಧ್ಯೆ ಇರುವುದು ಒಂದು ಇಟ್ಟಿಗೆಯ ಗೋಡೆ. ಅವರು ಸೀನಿದರೆ ನನ್ನ ಪಾತ್ರೆ ಅಲುಗುತ್ತದೆ.

ಹೋದ ಮಳೆಗಾಲದಲ್ಲಿ ಅವಳ ಮೇಲೆ ನನಗೆ ಅನುಮಾನ ಬಂತು. ಬೆಳಗ್ಗೆ ಐದೂವರೆಗೆ ನಾನು ಚೀಲ ಹಿಡಿದು ಹೊರಟರೆ ಅವಳ ಬಾಗಿಲು ಒಂದು ಬೆರಳಷ್ಟು ತೆರೆಯುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟಳು.

"ಎಂತ ಅಕ್ಕ, ಬೆಳಗಾತ ಎದ್ದ್ ಎಲ್ಲಿಗ್ ಹೊರಟದ್ದ್?"

"ವಾಕಿಂಗಿಗೆ."

"ಚೀಲ ಹಿಡ್ಕಂಡಾ?"

"ಗಾಳಿ ತುಂಬಿಸಿಕೊಂಡು ಬರುತ್ತೇನೆ. ನಿನಗೂ ಬೇಕಾ?"

ಅವಳು ನಕ್ಕಳು. ನಾನು ನಗಲಿಲ್ಲ. ಅವಳ ಅಕ್ಕ ವಿಠ್ಠಲವಾಡಿಯಲ್ಲಿದ್ದಾಳೆ, ಅಲ್ಲಿ ನಮ್ಮ ಕಡೆಯವರು ತುಂಬ ಮಂದಿ. ಗಿಡ ಕಂಡುಕೊಂಡು ಅಲ್ಲಿ ಇವಳೇ ಮದ್ದು ಕೊಡಲು ಕೂರುತ್ತಾಳೆ ಎಂದು ಲೆಕ್ಕ ಹಾಕಿದೆ. ನನ್ನ ಬಾಗಿಲಿಗೆ ಡೊಂಬಿವಲಿಯಿಂದ, ಕಲ್ಯಾಣದಿಂದ ಜನ ಬರುವುದನ್ನು ಅವಳು ವರ್ಷಗಟ್ಟಲೆ ನೋಡಿದ್ದಾಳೆ. ಅಸೂಯೆಯಲ್ಲದೆ ಇನ್ನೇನು?

ಆ ವಾರವೇ ಬೇರೆ ಗುರುತುಗಳೂ ಕಂಡವು. ಅವಳ ಖೋಲಿಯಿಂದ ಒಗ್ಗರಣೆಯ ಘಾಟು ಬರುವುದು ನಿಂತಿತು. ದಿನಾ ಮಜ್ಜಿಗೆ ಪ್ಯಾಕೆಟು ತರತೊಡಗಿದಳು. ಗಂಡ ಕಾಣಲಿಲ್ಲ.

"ಯಜಮಾನರು ಎಲ್ಲಿ?" ಎಂದೆ.

"ಊರಿಗ್ ಹೋಯ್ದ್ರ್ ಅಕ್ಕ."

"ಮಜ್ಜಿಗೆ ಯಾರಿಗೆ?"

"ನಂಗೆ. ಹೊಟ್ಟಿ ಸಮ ಇಲ್ಲೆ."

ಅವನ ಚಪ್ಪಲಿ ಬಾಗಿಲ ಒಳಗೆ, ಗ್ಯಾಸಿನ ಟ್ಯಾಂಕಿಯ ಹಿಂದೆ ಇತ್ತು. ಊರಿಗೆ ಬರಿಗಾಲಲ್ಲಿ ಹೋದನೋ? ಅವಳು ಸುಳ್ಳು ಹೇಳುತ್ತಿದ್ದಾಳೆಂದು ತಿಳಿಯಿತು. ಏಕೆ ಎಂದು ಮಾತ್ರ ನಾನು ತಪ್ಪು ತಿಳಿದೆ. ಮಜ್ಜಿಗೆ ತಂದು, ಒಗ್ಗರಣೆ ಬಿಟ್ಟು ಮದ್ದು ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ, ಮೊದಲು ತನ್ನ ಮೇಲೇ ಪರೀಕ್ಷೆ ನೋಡುತ್ತಿದ್ದಾಳೆ ಎಂದುಕೊಂಡೆ. ಕಾಮಾಲೆಯ ಪಥ್ಯ ಬೇರೆಯವರಿಗೆ ಬಾಯಿಪಾಠ ಹೇಳಿದವಳು ನಾನು. ಪಥ್ಯ ಮಾಡುವ ಮನೆಯಲ್ಲಿ ರೋಗಿ ಇರುತ್ತಾನೆಂದು ತಲೆಗೆ ಹೋಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಹಿಂದೆಯೇ ಬಂದಳು. ನೀರಿನ ಟಾಕಿಯ ಬಳಿ ತಿರುಗಿದಾಗ ಅವಳ ಕೊಡೆ ಕಂಡಿತು, ಕೆಂಪು ಕೊಡೆ. ಕದ್ದು ಬರುವವಳಿಗೆ ಕೆಂಪು ಕೊಡೆ ಬೇಕಿತ್ತೇ? ನನಗೆ ಸಿಟ್ಟು ಬಂತು. ಆ ದಿನ ನಾಲ್ಕು ಕೀಳಲಿಲ್ಲ. ಕಾರ್‌ಶೆಡ್ಡಿನ ಗೋಡೆಯ ಹತ್ತಿರ ನೆಲಕ್ಕೆ ಹರಡಿ ಬೆಳೆಯುವ ಒಂದು ಕಳೆ ಇದೆ. ಕಾಂಡದಲ್ಲಿ ಕೆಂಪು ಛಾಯೆ, ಮೈಯಲ್ಲಿ ನವಿರು ರೋಮ, ಮುರಿದರೆ ಬಿಳಿ ಹಾಲು. ಬೇಕೆಂದೇ ಅದರ ಮುಂದೆ ಕುಳಿತೆ. ಬೇಕೆಂದೇ ತಡ ಮಾಡಿದೆ. ಒಂದು ಹಿಡಿ ಕಿತ್ತು ಅವಳಿಗೆ ಕಾಣುವ ಹಾಗೆ ಮಣ್ಣು ಕೊಡವಿ ಚೀಲಕ್ಕೆ ಹಾಕಿ ಮನೆಗೆ ಬಂದೆ. ಕಲಿ, ಚೆನ್ನಾಗಿ ಕಲಿ ಎಂದುಕೊಂಡೆ. ಮನೆಯಲ್ಲಿ ಅದನ್ನು ಕಸದ ಡಬ್ಬಕ್ಕೆ ಹಾಕಿದೆ.

ಮುಂದಿನ ಎರಡು ಬೆಳಗ್ಗೆ ಗೋಡೆಯ ಆಚೆಯಿಂದ ಅರೆಯುವ ಸದ್ದು ಕೇಳಿತು. ನನಗೆ ಖುಷಿಯಾಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೂರನೆಯ ಬೆಳಗ್ಗೆ ವಾಂತಿಯ ಸದ್ದು ಕೇಳಿತು. ಹೆಂಗಸಿನದಲ್ಲ. ನಿಲ್ಲಲೇ ಇಲ್ಲ. ಆಮೇಲೆ ಅವಳು ಬಂದು ನನ್ನ ಬಾಗಿಲು ಬಡಿದಳು. ಕೂದಲು ಬಿಚ್ಚಿತ್ತು.

"ಅಕ್ಕ, ಒಂಚೂರ್ ಬನ್ನಿ. ಇವ್ರ್ ನೀರ್ ಸಾ ಹೊಟ್ಟಿಲಿ ನಿಲ್ಲಿಸ್ಕಂತಿಲ್ಲೆ."

ಒಳಗೆ ಹೋದೆ. ಅವನು ಚಾಪೆಯ ಮೇಲೆ ಗೋಡೆಗೆ ಒರಗಿದ್ದ. ಕಣ್ಣು ಹಳದಿ, ಉಗುರು ಹಳದಿ. ಹತ್ತು ದಿನದ ಕಾಮಾಲೆ.

"ನನ್ನ ಹತ್ತಿರ ಯಾಕೆ ಬರಲಿಲ್ಲ? ನಡುವೆ ಒಂದು ಗೋಡೆ ಅಲ್ಲವಾ ಇರುವುದು?"

"ನಿಮ್ಮ್ ಬಾಗ್ಲಿಗ್ ಬಂದ್ರೆ ಎಲ್ರಿಗೂ ಗೊತ್ತಾತಿಲ್ಯಾ ಅಕ್ಕ? ನಿಮ್ಮಲ್ಲಿಗ್ ಬಪ್ಪುದ್ ಕಾಮಾಲಿ ಬಂದವ್ರೇ ಅಲ್ದಾ. ಈ ಸಾಲಂಗೆ ಅವ್ರ್ ಹೋಟ್ಲಿನವ್ರೇ ನಾಕ್ ಜನ ಇದ್ರ್. ಕಾಮಾಲಿ ಬಂದವ್ನ್ನ ಯಾವ ಮಾಲಿಕ ಕಾವ್ಲಿ ಮುಂದೆ ನಿಲ್ಲಿಸ್ತ?"

ಅದು ನಿಜ. ನನ್ನ ಬಾಗಿಲಿಗೆ ಬಂದವನ ರೋಗ ಊರಿಗೆಲ್ಲ ಗೊತ್ತಾಗುತ್ತಿತ್ತು. ಗಿಡವನ್ನು ಮಾತ್ರ ನಾನು ಮುಚ್ಚಿಟ್ಟಿದ್ದೆ.

"ಏನು ಕೊಟ್ಟೆ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ನೀವ್ ಕೊಡು ಮದ್ದೇ. ನೀವ್ ಕಿತ್ತ ಗಿಡವೇ, ಕಣ್ಣಾರೆ ಕಂಡಿದೆ."

"ಅದು ಮದ್ದಲ್ಲ ಮಾರಾಯ್ತಿ."

"ಮತ್ತೆ?"

"ನಿನಗೆ ಕಾಣಲಿ ಎಂದೇ ಕಿತ್ತದ್ದು."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ರಿಕ್ಷಾ ತರಲು ಓಡಿದಳು. ನಾನು ಕಾರ್‌ಶೆಡ್ಡಿನ ಕಡೆ ಹೋಗಿ ಆ ಹಾಲಿನ ಗಿಡವನ್ನು ಎರಡು ಕಡ್ಡಿ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅದೇ ರಿಕ್ಷಾದಲ್ಲಿ ಕುಳಿತೆ.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನವನು. "ಘರ್ ಮೇ ಕ್ಯಾ ಪಿಲಾಯಾ?" ಎಂದ, ಮನೆಯಲ್ಲಿ ಏನು ಕುಡಿಸಿದಿರಿ ಎಂದು. ಅವಳು ನನ್ನ ಮುಖ ನೋಡಿದಳು. ಹಿಂದೆ ಸಾಲಿನಲ್ಲಿ ಹತ್ತು ಮಂದಿ, ಅದರಲ್ಲಿ ತುಳು ಮಾತಾಡುವವರೂ ಇದ್ದರು. ಕೊಟ್ಟದ್ದು ಏನೆಂದು ಅವಳಿಗೇ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಸೆರಗು ಬಿಚ್ಚಿ ಗಿಡವನ್ನು ಮೇಜಿನ ಮೇಲೆ ಇಟ್ಟೆ. "ಯೇ. ದೋ ದಿನ್ ಪಿಯಾ, ಆಜ್ ಭೀ. ಗಲತಿ ಮೇರಾ ಹೈ" ಎಂದೆ. ಎರಡು ದಿನ ಕುಡಿದ, ಇವತ್ತೂ ಕುಡಿದ, ತಪ್ಪು ನನ್ನದು ಎಂದು ಹೇಳಿದ್ದು; ನನ್ನ ಹಿಂದಿ ಅಷ್ಟೇ.

ಅವನು ಮೊಬೈಲಿನಲ್ಲಿ ಗಿಡದ ಫೋಟೋ ತೆಗೆದ, ಏನೋ ಒತ್ತಿದ. ಅದೇ ಗಿಡದ ಚಿತ್ರ ಬಂತು. ಹೊಟ್ಟೆ ಕೆಡಿಸುತ್ತದಂತೆ. ಆಮೇಲೆ ಇನ್ನೊಂದು ಚಿತ್ರ ತೋರಿಸಿ, "ಪೀಲಿಯಾ ಕೇ ಲಿಯೇ ಲೋಗ್ ಯೇ ದೇತೇ ಹೈ ನಾ?" ಎಂದ, ಕಾಮಾಲೆಗೆ ಜನ ಕೊಡುವುದು ಇದನ್ನೇ ಅಲ್ಲವೇ ಎಂದು. ನೆಲನೆಲ್ಲಿ. ಎಲೆಯ ಅಡಿಯ ಕಾಯಿ ಸಮೇತ. ನಾನು ನಲವತ್ತು ಮಳೆಗಾಲ ಸುತ್ತುಬಳಸಿ ನಡೆದು ಮುಚ್ಚಿಟ್ಟದ್ದು ಆ ಹುಡುಗನ ಅಂಗೈಯಲ್ಲಿತ್ತು. ಹೌದೆಂದು ತಲೆ ಆಡಿಸಿದೆ. ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು, ಈ ಸೊಪ್ಪುಸದೆ ನಂಬಿಕೊಂಡು ಕೂತರೆ ಮನುಷ್ಯ ಹೋಗುತ್ತಾನೆ ಎಂದು ಗದರಿಸಿದ. ಗದರಿಸಲಿ.

ಐದು ದಿನ ಸಲೈನು ಹಾಕಿದರು. ಮೂರನೆಯ ದಿನ ಗಂಜಿ ತೆಗೆದುಕೊಂಡು ಹೋದೆ. ಮಲಗಿದ್ದಲ್ಲಿಂದಲೇ ಅವನು ನನ್ನನ್ನು ನೋಡಿದ.

"ಅಕ್ಕ, ಗಂಜಿ ನೀವೇ ಬೇಯಿಸಿದ್ದಾ?"

"ಹೌದು."

"ಬರೀ ಅಕ್ಕಿಯೇ ಅಲ್ದಾ?"

"ಬರೀ ಅಕ್ಕಿಯೇ."

"ಕಣ್ಣ್ ಹಳದಿ ಆದ್ದ್ ನಂಗಾ, ನಿಮ್ಗಾ?" ಎಂದ. ಪಕ್ಕದ ಮಂಚದವನು ನಕ್ಕ. ನಾನು ಲೋಟ ಕೈಗೆ ಕೊಟ್ಟೆ. ಹೆಂಡತಿ ಮೊದಲು ಒಂದು ಗುಟುಕು ಕುಡಿದು ನೋಡಿದಳು, ಆಮೇಲೆ ಅವನಿಗೆ ಬಿಟ್ಟಳು.

ಅವನು ಉಳಿದ. ಕೆಲಸ ಉಳಿಯಲಿಲ್ಲ. ಹೋಟೆಲಿಗೆ ಸುದ್ದಿ ಹೋಗಿ ಕಾವಲಿಗೆ ಬೇರೆಯವನು ಬಂದಾಗಿತ್ತು. ಎರಡು ತಿಂಗಳು ಮನೆಯಲ್ಲಿದ್ದು, ರಕ್ತ ಸರಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಕಾಮೋಠೆಯಲ್ಲಿ ಒಂದು ಮೆಸ್ಸಿಗೆ ಸೇರಿದ. ಈಗ ಠಾಣೆಯಲ್ಲಿ ಗಾಡಿ ಬದಲಿಸಿ ಅಷ್ಟು ದೂರ ಹೋಗುತ್ತಾನೆ. ನನ್ನ ಹತ್ತಿರ ಯಾರಾದರೂ ಬಂದರೆ ನಾನೀಗ ಮೊದಲು ರಿಪೋರ್ಟು ತೋರಿಸಿ ಎನ್ನುತ್ತೇನೆ. ಬರುವವರೂ ಕಡಿಮೆಯಾದರು.

ಈ ವರ್ಷ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಅವಳು ನನ್ನ ಬಾಗಿಲಿನಲ್ಲಿ ನಿಂತಳು. ಸೊಂಟಕ್ಕೆ ಕೈ.

"ಹಾಂಗಾರೆ ನಿಜವಾದ್ದ್ ಯಾವ್ದ್? ಇವತ್ತ್ ಹೇಳ್ಲೇಬೇಕ್."

ಹೇಳಿದರೆ ಗುಣ ಹೋಗುತ್ತದೆ ಎನ್ನಲು ಬಾಯಿ ತೆರೆದೆ. ಆಮೇಲೆ ಮುಚ್ಚಿದೆ. ಅವಳ ಬಾಗಿಲ ಮುಂದಿನ ತುಳಸಿ ಡಬ್ಬದ ಹತ್ತಿರ ಕರೆದುಕೊಂಡು ಹೋದೆ. ತುಳಸಿಯ ಬುಡದಲ್ಲಿ ಏಳೆಂಟು ಎದ್ದಿದ್ದವು. ಶುಕ್ರವಾರ ಶುಕ್ರವಾರ ಅವಳು ಕಿತ್ತು ಗಟಾರಕ್ಕೆ ಬಿಸಾಡುವುದು ಅದನ್ನೇ.

"ಇದಾ?" ಎಂದಳು. "ಇದ್ ಕಳಿ ಅಲ್ದಾ?"

"ಕಳೆಯೇ. ಎಲೆ ಮಗುಚು. ಕಾಯಿ ಕಾಣುತ್ತದಾ? ದಂಟು ಮುರಿ. ಹಾಲು ಬಂದರೆ ಅದಲ್ಲ."

ಮುರಿದಳು. ಹಾಲು ಬರಲಿಲ್ಲ. ಇನ್ನೊಂದು ಮುರಿದಳು. ಮೂಸಿದಳು. ನನ್ನ ಮುಖ ನೋಡಿದಳು, ಮತ್ತೆ ಗಿಡ ನೋಡಿದಳು. ಆಮೇಲೆ ಒಂದನ್ನು ಬೇರು ಸಮೇತ ಕಿತ್ತು, ನಲ್ಲಿಯಲ್ಲಿ ತೊಳೆದು ನನ್ನ ಕೈಗೆ ಕೊಟ್ಟಳು.

"ನೀವ್ ತಿನ್ನಿ ಮೊದ್ಲ್."

ತಿಂದೆ. ಕಹಿ. ನುಂಗಿದ್ದನ್ನು ಖಾತ್ರಿ ಮಾಡಿಕೊಳ್ಳಲು ಅವಳು ನನ್ನ ಬಾಯಿ ತೆರೆಸಿ ನೋಡಿದಳು.