ರೈಟ್ ಅನ್ನೋವರೆಗೂ

ಸೀಟಿಯಕ್ಕ ಬಸ್ ಕಂಡಕ್ಟರು. ಅವಳು ಸೀಟಿ ಊದಿದರೆ ಮೂರು ಬೀದಿಯಾಚೆ ಮಲಗಿದ ನಾಯಿಯೂ ಎದ್ದು ಕೂರಬೇಕು, ಅಂಥಾ ದಮ್ಮು! ಕಟ್ಟಿಕೊಂಡದ್ದೂ ಅದೇ ಬಸ್ಸಿನ ಡ್ರೈವರನ್ನೇ. ಅವಳು ‘ಹೋಲ್ಡಾನ್’ ಅಂದರೆ ಅವನು ನಿಲ್ಲಿಸಬೇಕು, ‘ರೈಟ್’ ಅಂದರೆ ಹೊರಡಬೇಕು. ಮನೆಯಲ್ಲೂ ಹೆಚ್ಚುಕಡಿಮೆ ಅದೇ ಕಾನೂನು. ಪುಣ್ಯಾತ್ಮ ತುಟಿಪಿಟಿಕ್ಕೆನ್ನದೆ ಸಂಸಾರ ಓಡಿಸಿದ.

ಅಂಥವಳ ಲಿವರಿನಲ್ಲಿ ಕ್ಯಾನ್ಸರ್ ಗಂಟು ಕಾಣಿಸಿತು. ಹೊಟ್ಟೆ ಕೊಯ್ಯುವ ಆಪರೇಷನ್ನು ಅವಳ ಹೃದಯ ತಡೆಯುವಂತಿರಲಿಲ್ಲ. ಗಂಟೋ ಪಕ್ಕೆಲುಬಿನ ಮರೆಯಲ್ಲಿ ಕೂತಿದೆ, ಎಂಆರ್‌ಐ ಬಿಟ್ಟರೆ ಬೇರೆ ಯಾವುದರಲ್ಲೂ ಸರಿಯಾಗಿ ಕಾಣದು.

“ಆ ಮಷೀನಿನೊಳಗೇ ಮಲಗಿಸಿ, ಚಿತ್ರ ನೋಡ್ತಾ ಸೂಜಿ ಹಾಕಿ ಗಂಟನ್ನ ಸುಡ್ತೀವಿ,” ಅಂದರು ಡಾಕ್ಟರಮ್ಮ. “ಆದ್ರೆ ಉಸಿರಾಡಿದ ಹಾಗೆಲ್ಲ ಲಿವರ್ ಜಾರುತ್ತೆ. ಹೇಳಿದಾಗ ಉಸಿರು ಬಿಟ್ಟು, ಹಾಗೇ ತಡೀಬೇಕು.”

“ಅಷ್ಟೇ ತಾನೇ? ಸುಟ್ಟು ಹಾಕಿ ಆ ಪೀಡೇನ!”

ಅಷ್ಟು ಸಲೀಸಾಗಿದ್ದರೆ ಇನ್ನೇನು ಬೇಕಿತ್ತು! ಆ ದಿನ ಕೊರಳ ಸೀಟಿಯನ್ನೂ ತಲೆಪಿನ್ನನ್ನೂ ತೆಗೆದಿಟ್ಟು ಮಲಗಿದಳು. ನೋವಾಗದ ಹಾಗೆ ಮದ್ದು ಕೊಟ್ಟಿದ್ದರು, ಎಚ್ಚರವಿತ್ತು. ಹೆಡ್‌ಫೋನಿನಲ್ಲಿ “ಉಸಿರು ಬಿಟ್ಟು ತಡೀರಿ” ಅಂದದ್ದೇ ತಡ, ಎದೆ ತುಂಬ ಗಾಳಿ ಎಳೆದುಕೊಂಡಳು. ಸೀಟಿ ಊದಿ ಊದಿ ಬಂದ ಚಾಳಿ. ಇನ್ನೊಮ್ಮೆ ಹೇಳಿದರು, ಮತ್ತದೇ. ಗಂಟು ಸೂಜಿಯ ದಾರಿಯಿಂದ ಕೆಳಗೆ ಜಾರಿತು.

“ಹೀಗಾದ್ರೆ ಕೈಬಿಡಬೇಕಾಗುತ್ತಮ್ಮಾ.”

ಅವಳು ಬಿಡುವ ಹೆಂಗಸೇ ಅಲ್ಲ.

“ಆ ಮಾತೇ ಬೇಡ. ಗಾಜಿನಾಚೆ ನಮ್ಮೆಜಮಾನ್ರು ಕೂತಿದಾರೆ, ಅವರ ಕೈಗೆ ಮೈಕ್ ಕೊಡಿ. ಹೋಲ್ಡಾನ್ ಅನ್ನಲಿ, ಜೊತೆಗೆ ನಾನೂ ಅಂತೀನಿ. ಆ ಮಾತಿಗೆ ಉಸಿರು ಹೊರಗೇ ಹೋಗೋದು. ರೈಟ್ ಅನ್ನೋವರೆಗೂ ಏನಾದ್ರೂ ಆಗಲಿ, ಎಳ್ಕೊಳ್ಳಲ್ಲ!”

ಗಂಡ ಮೈಕನ್ನು ಬಾಯಿಯ ಹತ್ತಿರ ಹಿಡಿದ. “ಹೋಲ್ಡಾನ್,” ಅಂದ. ಅವಳೂ ಅಂದಳು. ಉಸಿರು ಹೊರಗೆ ಹೋಗಿ ನಿಂತಿತು, ಗಂಟು ಬೇಕಾದ ಜಾಗಕ್ಕೇ ಬಂತು. ಸೂಜಿ ಒಂಚೂರು ಮುಂದೆ ಸರಿಯಿತು. “ರೈಟ್.” ಹೀಗೇ ನಿಲ್ಲಿಸುತ್ತಾ ಹೊರಡಿಸುತ್ತಾ ಸಾಗಿದರು.

ಕೊನೆಯ ಹೋಲ್ಡಾನಿಗೆ, ಪರದೆಯ ಮೇಲೆ, ಸೂಜಿಯ ತುದಿ ಗಂಟಿನ ನಟ್ಟನಡುವೆ ಹೊಕ್ಕಿತು. “ಸೇರ್ತು!” ಅಂದರು ಡಾಕ್ಟರಮ್ಮ. ಗಂಡ ಪರದೆ ನೋಡುತ್ತಲೇ ಕೂತುಬಿಟ್ಟ. ಕಣ್ಣೀರು ಧಾರಾಕಾರ, ಹೇಳಬೇಕಾದ ಮಾತು ಮರೆತೇಹೋಗಿದೆ. ಒಳಗೆ ಅವಳ ಮುಖ ಕೆಂಪೇರಿತು, ಹೊಟ್ಟೆ ಮಾತ್ರ ಅಲ್ಲಾಡಲಿಲ್ಲ. ಡಾಕ್ಟರಮ್ಮ ಗಾಬರಿಯಿಂದ ಗಾಜಿನ ಕಡೆ ಕೈ ಬೀಸಿದರು.

“ರ... ರೈಟ್! ರೈಟ್!”

ಗಾಳಿ ಎಳೆದುಕೊಂಡವಳೇ ಮೆಲ್ಲಗೆ ಗದರಿದಳು: “ಏನ್ರೀ, ನಿದ್ದೆ ಬಂತಾ? ಇನ್ನೂ ಬಹಳ ದೂರ ಹೋಗೋದಿದೆ, ಇಲ್ಲೇ ಇಳಿಸಿಬಿಡ್ತಿದ್ರಲ್ಲ ನನ್ನ!”

ಡಾಕ್ಟರಮ್ಮ ನಗುತ್ತಲೇ ಗಂಟನ್ನು ಸುಡತೊಡಗಿದರು.