ಸೋಸದೆ ಕುಡಿದ ನೀರು

ಮೊದಲು ಬಂದದ್ದು ತುರಿಕೆ. ಬಲಗಾಲಿನ ಹರಡಿನ ಹತ್ತಿರ ಅವರೆಕಾಳಿನಷ್ಟು ಒಂದು ಬೊಕ್ಕೆ. ಬಿಸಿಲಿಗೆ ಎದ್ದದ್ದು ಎಂದುಕೊಂಡೆ. ಈಸ್ಟರ್ ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ನಡೆಯುವುದೇ ಕೆಲಸವಾದವಳಿಗೆ ಕಾಲಿನ ಬೊಕ್ಕೆ ಯಾವ ಲೆಕ್ಕ?

ನಾನು ಸುವಾರ್ತೆ ಓದಿ ಹೇಳುವವಳು. ಕಂಪ್ಲಿಯಲ್ಲಿ ನಮ್ಮ ಮನೆ. ನನ್ನವರು ದೇವಪ್ಪ, ಮಿಷನ್ ಶಾಲೆಯ ಮಾಸ್ತರರು. ಸುತ್ತಲಿನ ಹಳ್ಳಿಗಳ ಕೇರಿಗಳಿಗೆ ನಡೆದು ಹೋಗುವುದು, ಹೆಂಗಸರನ್ನು ಕೂಡಿಸಿಕೊಂಡು ಓದುವುದು, ಹಾಡುವುದು, ಬಾಣಂತಿ ಇದ್ದರೆ ಕೂಸಿಗೆ ನೀರು ಹಾಕಿಕೊಡುವುದು, ಪ್ರಾರ್ಥನೆ ಮಾಡಿ ಬರುವುದು. ಹನ್ನೊಂದು ವರ್ಷದಿಂದ ಇದೇ ಕೆಲಸ. ಎಲ್ಲರೂ ನನ್ನನ್ನು ಸುವಾರ್ತಮ್ಮ ಎನ್ನುತ್ತಾರೆ. ಶಾಂತವ್ವ ಎಂದು ಹೆಸರು ಹಿಡಿದು ಕರೆಯುವವರು ಮಾಸ್ತರರೊಬ್ಬರೇ, ಅದೂ ಸಿಟ್ಟು ಬಂದಾಗ. ಹನ್ನೊಂದು ವರ್ಷದಲ್ಲಿ ನಾನು ಒಂದು ವಾರ ತಪ್ಪಿಸಿದವಳಲ್ಲ. ಹೊಳೆ ತುಂಬಿ ಬಂದರೂ ಹರಿಗೋಲು ಹತ್ತಿದವಳು. ಹೆಮ್ಮೆ ಎಂದರೆ ಹೆಮ್ಮೆಯೇ. ದೇವರ ಕೆಲಸದಲ್ಲಿ ಹೆಮ್ಮೆ ಬೇಡ ಎಂದು ಮಾಸ್ತರರು ಹೇಳುತ್ತಾರೆ. ಕುರ್ಚಿಯಲ್ಲಿ ಕೂತು ಕಲಿಸುವವರಿಗೆ ಏನು ಗೊತ್ತು?

ನಾಲ್ಕನೆಯ ದಿನ ಬೊಕ್ಕೆ ಒಡೆಯಿತು. ಉರಿ ತಾಳದೆ ಕಾಲನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟೆ. ಗಾಯದ ಬಾಯಿಂದ ಬಿಳಿ ದಾರದ ತುದಿಯಂಥದ್ದು ಹೊರಗೆ ಬಂತು.

ಅದು ಅಲುಗಾಡಿತು.

ನಾರುಹುಣ್ಣು. ನಮ್ಮ ಸೀಮೆಯಲ್ಲಿ ಅದನ್ನು ನೋಡದವರಿಲ್ಲ. ಮೈಯೊಳಗೆ ಉದ್ದಕ್ಕೆ ಬೆಳೆದ ಹುಳ ಬೇಸಿಗೆಗೆ ಕಾಲಿನಿಂದ ಹೊರಬೀಳುತ್ತದೆ. ಅದಕ್ಕೆ ಇರುವುದು ಒಂದೇ ಉಪಾಯ. ಕಸಬರಿಗೆ ಕಡ್ಡಿಯ ತುಂಡಿಗೆ ತುದಿ ಸುತ್ತಿ, ದಿನಕ್ಕೆ ಒಂದು ಬೆರಳಗಲದಷ್ಟೇ ಎಳೆದು, ಮತ್ತೆ ಕಟ್ಟಿಡಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಒಳಗೇ ಕೀವಾಗುತ್ತದೆ, ಕಾಲೇ ಹೋದವರಿದ್ದಾರೆ.

ದಿನಾ ಬೆಳಗಿನ ಪ್ರಾರ್ಥನೆ ಮುಗಿಸಿ ಮಾಸ್ತರರು ಕನ್ನಡಕ ಏರಿಸಿಕೊಂಡು ನನ್ನ ಕಾಲ ಬಳಿ ಕೂಡುತ್ತಿದ್ದರು. ಒದ್ದೆ ಬಟ್ಟೆ ಒತ್ತುವುದು, ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸುವುದು, ನನ್ನ ಮುಖ ನೋಡುವುದು, ಇನ್ನರ್ಧ ಸುತ್ತು ತಿರುಗಿಸುವುದು. ಹೆಂಡತಿಯ ಕಾಲು ಹಿಡಿದ ಗಂಡಸು ಎಂದು ಪಕ್ಕದ ಮನೆಯವರು ನಕ್ಕರು.

"ನಗಲಿ ಬಿಡು," ಎಂದರು ಮಾಸ್ತರರು. "ಶಿಷ್ಯರ ಕಾಲು ತೊಳೆದಾತನ ಮಂದಿ ನಾವು."

ನನ್ನ ಗಂಡನ ಮೇಲೆ ನನಗೆ ಅಷ್ಟು ಅಭಿಮಾನ ಬಂದದ್ದು ಅದೇ ಮೊದಲು.

ಈಸ್ಟರ್ ಬಂದೇಬಿಟ್ಟಿತು. ಎರಡು ಮೈಲಿ ಆಚೆಯ ಹುಲಿಗೆವ್ವನ ಕೇರಿಯಲ್ಲಿ ಆ ಬೆಳಗ್ಗೆ ನಾನೇ ಓದಬೇಕು. ಹುಲಿಗೆವ್ವ ಆ ಕೇರಿಗೆ ಹಿರಿಯಳು, ಅಲ್ಲಿ ಮೊದಲು ಸ್ನಾನದೀಕ್ಷೆ ತೆಗೆದುಕೊಂಡವಳು. ಇನ್ನೂ ಗೇಣುದ್ದ ನಾರು ನನ್ನ ಕಾಲೊಳಗಿತ್ತು. ಹಬ್ಬದ ಹಿಂದಿನ ದಿನ ಮಾಸ್ತರರು ಶಾಲೆಯ ಕಸ ಗುಡಿಸಲು ಹೋಗಿದ್ದರು. ನಿನ್ನ ಕೆಲಸಕ್ಕೇ ಅಲ್ಲವೇ ಕರ್ತನೇ, ನೀನೇ ನೋಡಿಕೋ ಎಂದು ಹೇಳಿ, ಕಡ್ಡಿ ಹಿಡಿದು ಎಳೆದೆ.

ಹರಿಯಿತು.

ಸಂಜೆಗೆ ಜ್ವರ. ಮರುದಿನ ಕಾಲು ಮೊಣಕಾಲಿನವರೆಗೆ ಬಾತು ಬಾಳೆಯ ದಿಂಡಿನಂತಾಯಿತು. ಹಬ್ಬದ ದಿನ ಪುನರುತ್ಥಾನದ ಹಾಡು ಹಾಡಬೇಕಾದವಳು ಚಕ್ಕಡಿಯಲ್ಲಿ ನರಳುತ್ತಾ ಹೊಸಪೇಟೆಯ ದವಾಖಾನೆಗೆ ಹೋದೆ. ಮಾಸ್ತರರು ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಮ್ಮ ಕಾಲು ಒತ್ತಿ ನೋಡಿದರು. "ಪಾದ ಉಳಿಸಾಕ ನೋಡ್ತೀನ್ರಿ. ಮಾತು ಕೊಡಂಗಿಲ್ಲ."

ನಡೆಯಲಾರದ ಸುವಾರ್ತಮ್ಮ ಯಾರಿಗೆ ಬೇಕು? ವಾರ್ಡಿನ ಸೂರು ನೋಡುತ್ತಾ ಮಲಗಿ ನಾನು ದೇವರ ಹತ್ತಿರ ಜಗಳವನ್ನೇ ಆಡಿದೆ. ಎರಡು ಸಲ ಆಪರೇಷನ್ ಮಾಡಿ ಕೀವು ತೆಗೆದರು. ದಿನಾ ಡ್ರೆಸಿಂಗ್. ಆ ಹೊತ್ತಿಗೆ ಕೀರ್ತನೆ ಹಾಡುತ್ತಿದ್ದೆ. ಭಕ್ತಿಯಿಂದಲ್ಲ, ಕಿರುಚಬಾರದೆಂದು. ಪಕ್ಕದ ಮಂಚದ ಮುದುಕಿಗೆ ಅದು ಭಕ್ತಿ ಎನಿಸಿ, ಇನ್ನೊಂದು ಹಾಡ್ರಿ ಎನ್ನುತ್ತಿದ್ದಳು.

ಜ್ವರ ಇಳಿದ ಮೇಲೆ ಒಂದು ದಿನ ಡಾಕ್ಟರಮ್ಮ ಮಂಚದ ಪಕ್ಕ ಕುಳಿತರು.

"ಯಾವ ನೀರು ಕುಡೀತೀರಿ?"

"ಮನ್ಯಾಗ ಹೊಳಿ ನೀರ್ರಿ. ಮಾಸ್ತರರು ಸೋಸದ ಕೊಡ ತುಂಬಂಗಿಲ್ಲ."

"ಹೊರಗ?"

ಹೊರಗೆ ನಾನು ಸೋಸುವುದಿಲ್ಲ. ಅದು ನನ್ನ ವ್ರತ. ನನ್ನ ಅಜ್ಜಿ ಅಂಥದೇ ಕೇರಿಯಲ್ಲಿ ಹುಟ್ಟಿದವಳು. ಗೌಡರ ಬಾವಿಯ ಮುಂದೆ ಬೊಗಸೆ ಒಡ್ಡಿ ನಿಂತು, ಯಾರೋ ಮೇಲಿನಿಂದ ಸುರಿದ ನೀರನ್ನು ಕುಡಿದವಳು. ಕೇರಿಯ ನೀರನ್ನು ಮುಟ್ಟುವವರು ಇಂದಿಗೂ ಇಲ್ಲ. ನಮ್ಮ ಕರ್ತನು ಬಾವಿಯ ಹತ್ತಿರ ಕೂತು, ಯಾರೂ ನೀರು ಮುಟ್ಟದ ಕುಲದ ಹೆಂಗಸಿಗೆ ನನಗೆ ಕುಡಿಯಲು ಕೊಡು ಎಂದು ಕೇಳಿದ ಕಥೆಯನ್ನು ಹೋದಲ್ಲೆಲ್ಲ ಓದುತ್ತೇನೆ. ಓದಿ ಮುಗಿಸಿ, ಅವರ ಚೆಂಬು ಇಸಿದುಕೊಂಡು, ಅವರೆದುರೇ ಗಟಗಟ ಕುಡಿಯುತ್ತೇನೆ. ಅಲ್ಲಿ ಬಟ್ಟೆ ಹಾಕಿ ಸೋಸಿದರೆ ನನಗೂ ಗೌಡತಿಗೂ ಏನು ವ್ಯತ್ಯಾಸ?

ಇದನ್ನೆಲ್ಲ ಡಾಕ್ಟರಮ್ಮನಿಗೆ ಎದೆ ಉಬ್ಬಿಸಿಕೊಂಡೇ ಹೇಳಿದೆ.

ಅವರು ನಗಲಿಲ್ಲ. ಮೆಟ್ಟಿಲ ಬಾವಿಗೆ ಹುಣ್ಣಿನ ಕಾಲಿನವರು ಇಳಿಯುತ್ತಾರೆ, ನಾರು ನೀರಿನಲ್ಲಿ ಮರಿ ಬಿಡುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಹೋದ ಬೇಸಿಗೆ ಕುಡಿದದ್ದು ಈ ಬೇಸಿಗೆಗೆ ಕಾಲಿನಿಂದ ಬರುತ್ತದೆ ಎಂದು ಬಿಡಿಸಿ ಹೇಳಿದರು. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದರೆ ಸಾಕಂತೆ. ಆಮೇಲೆ ಕೇಳಿದರು:

"ನೀವು ವಾರಕ್ಕೊಂದು ಚೆಂಬು ಕುಡೀತೀರಿ. ಅವರು ದಿನಾ ಕುಡೀತಾರ. ಸೋಸಿ ಕುಡೀರಿ ಅಂತ ಅವರಿಗೆ ಯಾವತ್ತರ ಹೇಳೀರೇನು?"

ಹೇಳಿರಲಿಲ್ಲ.

ಹನ್ನೊಂದು ವರ್ಷ. ಪ್ರತಿ ಬೇಸಿಗೆಯಲ್ಲಿ ಹುಲಿಗೆವ್ವನ ಕೇರಿಯ ಅರ್ಧ ಜನ ಕುಂಟುವುದನ್ನು ನೋಡಿದ್ದೆ. ಅವರ ಕಾಲಿಗೆ ಎಣ್ಣೆ ಹಚ್ಚಿದ್ದೆ, ಮಂಡಿಯೂರಿ ಪ್ರಾರ್ಥಿಸಿದ್ದೆ. ನಮ್ಮ ಮನೆಯಲ್ಲಿ ಮಾತ್ರ ಸೋಸಿ ಕುಡಿದಿದ್ದೆ. ಅವರ ನೀರಿಗೆ ಹೆಸರಿಡಬಾರದೆಂದು ಸುಮ್ಮನಿದ್ದೆ, ಆ ಮೌನಕ್ಕೆ ಪ್ರೀತಿ ಎಂದೂ ವಿಶ್ವಾಸ ಎಂದೂ ಹೆಸರಿಟ್ಟುಕೊಂಡಿದ್ದೆ. ಕಾಲಿನ ನೋವಿಗೆ ಬಾರದ ಅಳು ಆಗ ಬಂತು.

ಪಾದ ಉಳಿಯಿತು. ಹಿಮ್ಮಡಿ ನೆಲಕ್ಕೆ ಪೂರ್ತಿ ಊರುವುದಿಲ್ಲ, ಕೋಲು ಬೇಕು. ಎರಡು ತಿಂಗಳಿಗೆ ಮನೆಗೆ ಬಂದವಳು ಪೆಟ್ಟಿಗೆ ತೆಗೆದು, ನನ್ನ ಮದುವೆಯ ಬಿಳಿ ನೂಲಿನ ಸೀರೆಯನ್ನು ಹೊರಗಿಟ್ಟೆ. ಮಣ್ಣು ಮಾಡುವ ದಿನ ಉಡಿಸಿ ಎಂದು ತೆಗೆದಿಟ್ಟಿದ್ದ ಸೀರೆ ಅದು. ಮಾಸ್ತರರು ಒಮ್ಮೆ ಸೀರೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ತಾವೇ ಕತ್ತರಿ ತಂದುಕೊಟ್ಟರು.

ಹುಲಿಗೆವ್ವನ ಅಂಗಳದಲ್ಲಿ ಹೆಂಗಸರೆಲ್ಲ ಸೇರಿದರು. ಮನೆಗೊಂದರಂತೆ ಸೀರೆಯ ತುಂಡು ಹಂಚಿ, ಕೊಡದ ಬಾಯಿಗೆ ಎರಡು ಮಡಿಕೆ ಕಟ್ಟಿ ಸೋಸಬೇಕು, ಹುಣ್ಣಿನ ಕಾಲಿನವರು ಬಾವಿಗೆ ಇಳಿಯಬಾರದು ಎಂದೆ. ಹುಲಿಗೆವ್ವನ ಮುಖ ಗಂಟಾಯಿತು.

"ಇಷ್ಟು ವರ್ಷ ಹಂಗ ಕುಡದೀದಿ. ಈಗ ನಿನಗೂ ನಮ್ಮ ನೀರು ಮೈಲಿಗಿ ಆತೇನವ್ವ?"

ನಾನು ಹೆದರಿದ್ದ ಮಾತೇ ಅದು. ಕುಳಿತು ಸೀರೆ ಮೇಲೆತ್ತಿ ಕಾಲು ಚಾಚಿದೆ. ಗುಳಿ ಬಿದ್ದ ಗಾಯದ ಕಲೆಯನ್ನು ಎಲ್ಲರೂ ನೋಡಿದರು.

"ಸೋಸಬೇಕಂತ ನನಗ ಗೊತ್ತಿತ್ತು ಯವ್ವ. ಮನ್ಯಾಗ ಸೋಸಿ ಕುಡದು, ನಿಮಗ ಹೇಳದ ಹೋದೆ. ನಿಮ್ಮನ್ನ ಬ್ಯಾರೆಯವರು ಅಂತ ತಿಳಿದಿದ್ದೆ. ತಪ್ಪಾತು."

ಹುಲಿಗೆವ್ವ ಬಗ್ಗಿ ಕಾಲು ನೋಡಿದಳು. ಆಮೇಲೆ ಬಟ್ಟೆಯ ಅಂಚು ಸವರಿ, "ಇದು ಮದುವಿ ಸೀರಿ ಅಲ್ಲೇನು?" ಎಂದಳು. ಹೌದೆಂದೆ. ಎದ್ದು ಹೋಗಿ ಕೊಡ ತಂದಳು.

ಇದಾಗಿ ಐದಾರು ವಾರವಾಯಿತು. ಫಲ ಏನೆಂದು ಬರುವ ಬೇಸಿಗೆಗೇ ಗೊತ್ತಾಗಬೇಕು. ಅದು ಕರ್ತನ ಕೈಯಲ್ಲಿದೆ, ಸ್ವಲ್ಪ ಬಟ್ಟೆಯ ಕೈಯಲ್ಲೂ ಇದೆ. ಹೋದ ವಾರ ಬಿಸಿಲಲ್ಲಿ ಕುಂಟುತ್ತಾ ಹೋಗಿ, ಬಾಯಾರಿಕೆ ತಡೆಯದೆ, ಹುಲಿಗೆವ್ವ ಬಾವಿಯಿಂದ ಆಗಷ್ಟೇ ತಂದಿಟ್ಟ ಕೊಡಕ್ಕೆ ನೇರ ಚೆಂಬು ಹಾಕಿದೆ. ಅವಳು ನನ್ನ ಕೈಮೇಲೆ ಪಟ್ಟನೆ ಹೊಡೆದಳು.

"ಸೋಸ್ಯಾರ ಕುಡಿ ಬೇ! ಕಾಲು ಕುಂಟಾದ ಮ್ಯಾಲೂ ಬುದ್ಧಿ ಬರಲಿಲ್ಲೇನು ನಿನಗ?"

ಹನ್ನೊಂದು ವರ್ಷ ಆ ಅಂಗಳದಲ್ಲಿ ನನಗೆ ಮಣೆ ಹಾಕಿದ್ದಾರೆ, ಕೈಮುಗಿದಿದ್ದಾರೆ, ಸುವಾರ್ತಮ್ಮ ಎಂದಿದ್ದಾರೆ. ಗದರಿದ್ದು ಅದೇ ಮೊದಲು. ತಂಗಿಯನ್ನೋ ಮಗಳನ್ನೋ ಗದರಿದ ಹಾಗೆ. ಅವಳು ಸೋಸಿ ಕೊಡುವ ತನಕ ಸುಮ್ಮನೆ ಕುಳಿತಿದ್ದು, ಚೆಂಬು ಇಸಿದುಕೊಂಡು ಪೂರ್ತಿ ಕುಡಿದೆ.