ಹೊಗೆಗೂಡಿನಲ್ಲಿ ತಾತನ ಕೋಟು

ಕೊಣನೂರಿನಿಂದ ರಾಮನಾಥಪುರಕ್ಕೆ ಹೋಗುವ ದಾರಿಯಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ, ಒಬ್ಬ ಬಿಳಿ ದೊರೆ ಕಟ್ಟಿಸಿದ ಬಂಗಲೆಯಲ್ಲಿ ನಾನು ಬೆಳೆದೆ. ಬಂಗಲೆ ಎಂದ ಕೂಡಲೇ ನನ್ನನ್ನು ಸಾಹುಕಾರರ ಮೊಮ್ಮಗಳು ಎಂದುಕೊಳ್ಳಬೇಡಿ. ತಾತ ಆ ದೊರೆಯ ಹೊಲದಲ್ಲಿ ಮೇಸ್ತ್ರಿ. ದೊರೆ ಬೇಸಾಯದಲ್ಲಿ ಸೋತು ತನ್ನ ದೇಶಕ್ಕೆ ಹೊರಟಾಗ, ಯಾರಿಗೂ ಬೇಡವಾದ ಮನೆಯನ್ನು ತಾತನಿಗೆ ಬಿಟ್ಟುಕೊಟ್ಟ. ಜೊತೆಗೆ ತನ್ನ ದಪ್ಪ ಉಣ್ಣೆ ಕೋಟನ್ನೂ ಕೊಟ್ಟ. ತಾತ ಅದನ್ನು ಪಂಚೆಯ ಮೇಲೆ ತೊಟ್ಟು, ಬಿರುಬಿಸಿಲಲ್ಲಿ ಬೆವರು ಸುರಿಸುತ್ತ ಕೊಣನೂರು ಸಂತೆಗೆ ಹೋಗುತ್ತಿದ್ದ.

ತಾತ ಸತ್ತ ಮೇಲೆ ಮನೆಯಲ್ಲಿ ಉಳಿದವರೆಲ್ಲ ಹೆಂಗಸರು. ತಾತನ ಹಿರಿಯ ಹೆಂಡತಿ ದೊಡ್ಡಜ್ಜಿ, ಕಿರಿಯ ಹೆಂಡತಿ ಚಿಕ್ಕಜ್ಜಿ, ಗಂಡನನ್ನು ಕಳೆದುಕೊಂಡಿದ್ದ ನನ್ನವ್ವ, ನಾನು. ಗಂಡು ಎನ್ನಲು ಇದ್ದದ್ದು ಒಂದು ಹೋತ, ಅದೂ ಯಾರ ಮಾತೂ ಕೇಳುತ್ತಿರಲಿಲ್ಲ. ದೊರೆಸಾನಿ ಸ್ನಾನ ಮಾಡುತ್ತಿದ್ದ ಪಿಂಗಾಣಿ ತೊಟ್ಟಿಯಲ್ಲಿ ನಮ್ಮ ಹುರುಳಿ ನೆನೆಯುತ್ತಿತ್ತು. ಊಟದ ಮೇಜಿನ ಕೆಳಗೆ ಕೋಳಿ ಕಾವಿಗೆ ಕೂರುತ್ತಿತ್ತು.

ಪಡಸಾಲೆಯ ಗೋಡೆಯಲ್ಲಿ ಚಳಿಗೆ ಬೆಂಕಿ ಹಾಕುವ ಒಂದು ಅಗ್ಗಿಷ್ಟಿಕೆ. ನಮ್ಮ ಕಡೆಯ ಚಳಿಗೆ ಒಂದು ಕಂಬಳಿ ಸಾಕು. ದೊರೆ ತನ್ನೂರನ್ನು ನೆನೆದು ಕಟ್ಟಿಸಿಕೊಂಡಿದ್ದನೇನೋ. ಅಜ್ಜಿಯರ ಕಣ್ಣಿಗೆ ಕಂಡದ್ದು ಪೂರ್ವಕ್ಕೆ ಮುಖ ಮಾಡಿದ, ಕಲ್ಲಿನ ಚೌಕಟ್ಟಿದ್ದ ಒಳ್ಳೆಯ ಗೂಡು. ದೇವರಿಗೆಂದೇ ಮಾಡಿಸಿದ್ದು ಎಂದು ತೀರ್ಮಾನಿಸಿ ಮನೆದೇವಿಯನ್ನು ಅಲ್ಲಿ ಕೂರಿಸಿದರು. ಬಿಳಿಯರಿಗೂ ಇಷ್ಟು ಭಕ್ತಿ ಇತ್ತಲ್ಲ ಎಂದು ದೊಡ್ಡಜ್ಜಿ ಮೆಚ್ಚಿಕೊಂಡಿದ್ದಳಂತೆ. ತೊಂದರೆಯೆಂದರೆ, ಮೇಲಿನ ಹೊಗೆಗೂಡಿನಿಂದ ಮಸಿ, ಪಾರಿವಾಳದ ಹಿಕ್ಕೆ ಎರಡೂ ನೇರ ದೇವಿಯ ತಲೆಗೇ ಅಭಿಷೇಕವಾಗುತ್ತಿದ್ದವು.

ತಾತನ ತಿಥಿ ಮುಗಿದ ದಿನವೇ ಕೋಟು ಯಾರಿಗೆ ಎಂದು ಜಗಳ ಹತ್ತಿತು. ಮೊದಲು ತಾಳಿ ಕಟ್ಟಿಸಿಕೊಂಡವಳು ನಾನು ಎಂದು ಒಬ್ಬಳು, ಕೊನೆಗಾಲದಲ್ಲಿ ನೋಡಿಕೊಂಡವಳು ನಾನು ಎಂದು ಇನ್ನೊಬ್ಬಳು. ಕಡೆಗೆ ದೊಡ್ಡಜ್ಜಿ, "ನಂಗೂ ಬ್ಯಾಡ, ನಿಂಗೂ ಬ್ಯಾಡ" ಎಂದು ಕೋಟನ್ನು ಕಿತ್ತುಕೊಂಡು ಹೊಗೆಗೂಡಿಗೆ ತುರುಕಿಬಿಟ್ಟಳು. ದೇವಿಯ ಮೇಲೆ ಮಸಿ ಬೀಳುವುದು ನಿಂತಿತು, ಇವರಿಬ್ಬರ ಮಾತೂ ನಿಂತಿತು. ಆಮೇಲೆ ಆರು ವರ್ಷ ಒಂದೇ ಒಲೆಯ ಮುಂದೆ ಮೊಣಕೈ ತಾಗುವಷ್ಟು ಹತ್ತಿರ ಕೂತು, "ಸಾರಿಗೆ ಉಪ್ಪು ಜಾಸ್ತಿ ಆಗೈತೆ ಅಂತ ಅವ್ಳಿಗೆ ಏಳವ್ವ" ಎಂದು ನನ್ನ ಕೈಲಿ ಹೇಳಿಸುತ್ತಿದ್ದರು.

ಎರಡನೆಯ ಮಹಾಯುದ್ಧದ ಕಾಲ ಬಂತು. ತಾತನ ತಮ್ಮನೊಬ್ಬ ಹೊಳೆನರಸೀಪುರದಲ್ಲಿದ್ದ. ಮಗನಿಗೆ ಗುಮಾಸ್ತೆ ಕೆಲಸ ಸಿಗಲೆಂದು, ಅರಕಲಗೂಡಿಗೆ ಹೊಸದಾಗಿ ಬಂದಿದ್ದ ಆಫೀಸರಿಗೆ ನಮ್ಮ ಬಂಗಲೆಯನ್ನು ಬಿಡಿಸಿಕೊಡುವುದಾಗಿ ಮಾತು ಕೊಟ್ಟು ಬಂದ. ನಮ್ಮನ್ನು ಕೇಳಿರಲೇ ಇಲ್ಲ.

"ಗಂಡು ದಿಕ್ಕಿಲ್ದೋರಿಗೆ ಇಷ್ಟು ದೊಡ್ಡ ಮನೆ ಯಾಕೆ? ನಮ್ಮ ಇತ್ಲಲ್ಲಿ ಕೋಣೆ ಐತೆ, ಬಂದ್ಬುಡಿ" ಅಂದ.

ಆ ಕೋಣೆ ದನದ ಕೊಟ್ಟಿಗೆಗೆ ಅಂಟಿಕೊಂಡಿತ್ತು. ಅವನ ಹೆಂಡತಿಯೋ, ನೆಂಟರಿಗೆ ಬಡಿಸುವಾಗ ಮುದ್ದೆ ಎಣಿಸುವವಳು. ಅವ್ವ ಎರಡು ದಿನ ಅತ್ತಳು. ಮನೆ ನಮ್ಮದು ಎಂದು ಎದುರು ನಿಂತು ಹೇಳುವ ಒಬ್ಬರೂ ನಮ್ಮ ಕಡೆ ಇರಲಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು.

ಧನುರ್ಮಾಸದ ಒಂದು ಬೆಳಿಗ್ಗೆ ಅವನು ಆಫೀಸರನ್ನು ಕರೆದುಕೊಂಡು ಬಂದ. ಆಫೀಸರು ನಮ್ಮವರೇ, ಠೀವಿ ಮಾತ್ರ ದೊರೆಗಳದ್ದು. ಹುರುಳಿ ತೊಟ್ಟಿ ನೋಡಿ ಮೂಗು ಮುರಿದರು. ಅಗ್ಗಿಷ್ಟಿಕೆ ನೋಡಿದ್ದೇ ಮುಖ ಅರಳಿತು. "ಒಂದು ಸಲ ಬೆಂಕಿ ಹಾಕಿಸಿ ನೋಡೋಣ. ಚೆನ್ನಾಗಿ ಉರಿದರೆ ಈ ವಾರವೇ ಬಂದುಬಿಡ್ತೀನಿ" ಅಂದರು.

"ದೇವ್ರುನ್ನ ಎತ್ಕಳಿ ಅತ್ತಿಗೆ" ಎಂದ ತಾತನ ತಮ್ಮ.

ದೊಡ್ಡಜ್ಜಿ ಚಿಕ್ಕಜ್ಜಿಯ ಮುಖ ನೋಡಿದಳು, ಆರು ವರ್ಷದಲ್ಲಿ ಮೊದಲ ಸಲ. ಚಿಕ್ಕಜ್ಜಿಯೂ ನೋಡಿದಳು. ನಾನು ದಡ್ಡಿ, "ಅದ್ರೊಳಗೆ ತಾತನ..." ಅನ್ನುವಷ್ಟರಲ್ಲಿ ಅವ್ವ ತೊಡೆ ಚಿವುಟಿದಳು. ಅಜ್ಜಿಯರಿಬ್ಬರೂ ಒಂದು ಮಾತು ಎದುರಾಡದೆ ದೇವಿಯನ್ನು ಎತ್ತಿ ಊಟದ ಮೇಜಿನ ಮೇಲಿಟ್ಟರು. ಚಿಕ್ಕಜ್ಜಿ ತಾನೇ ಹಿತ್ತಲಿಗೆ ಹೋಗಿ ಸೌದೆ ತಂದಳು. ಆರಿಸಿ ಆರಿಸಿ ಹಸಿ ಸೌದೆಯನ್ನೇ ತಂದಿದ್ದಳು.

ಬೆಂಕಿ ಹಚ್ಚಿ ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಯಾರ ಮುಖ ಯಾರಿಗೂ ಕಾಣಲಿಲ್ಲ. ಕೋಳಿ ಮೊಟ್ಟೆ ಬಿಟ್ಟು ಓಡಿತು, ಅದರ ಹಿಂದೆ ಆಫೀಸರು ಕೆಮ್ಮುತ್ತ ಜಗಲಿಗೆ ಓಡಿದರು. ತಾತನ ತಮ್ಮ ನೀರು ಸುರಿದು ಬೆಂಕಿ ಆರಿಸಿದ. ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, ಒಂದು ಬಿದಿರ ಗಳು ತಂದು, ಅಗ್ಗಿಷ್ಟಿಕೆಯೊಳಗೆ ತಲೆ ಹಾಕಿ ಮೇಲಕ್ಕೆ ಚುಚ್ಚಿದ. ಮೂರನೆಯ ಸಲಕ್ಕೆ ದೊರೆಯ ಕಾಲದ ಮಸಿಯೆಲ್ಲ ಅವನ ತಲೆಯ ಮೇಲೆ ಸುರಿಯಿತು. ಹಿಂದೆಯೇ ತಾತನ ಕೋಟು ಎರಡೂ ತೋಳು ಚಾಚಿಕೊಂಡು ಬಂದು ಅವನ ಹೆಗಲ ಮೇಲೆ ಬಿತ್ತು.

ಅವನು ಕಿಟಾರನೆ ಕಿರುಚಿಕೊಂಡ. ದೊಡ್ಡಜ್ಜಿ ಸೆರಗು ಸರಿಮಾಡಿಕೊಂಡು, "ಎದ್ರುಕಬ್ಯಾಡ ಕಣಪ್ಪ. ನಿಮ್ಮಣ್ಣಾರು ಇಳುದ್ ಬಂದವ್ರೆ. ಮನೆ ವಿಚಾರ ಏನಿದ್ರೂ ಅವ್ರನ್ನೇ ಕೇಳು" ಅಂದಳು.

ಅವನು ಕೇಳಲಿಲ್ಲ. ಆಫೀಸರ ಕಾರು ಹೊರಟಿತ್ತು. ಮಸಿ ಮೋರೆಯಲ್ಲೇ ಅದರ ಹಿಂದೆ ಓಡಿದ. ಮತ್ತೆಂದೂ ಬಂಗಲೆಯ ಸುದ್ದಿ ಎತ್ತಲಿಲ್ಲ.

ಚಿಕ್ಕಜ್ಜಿ ಕೋಟನ್ನು ಎತ್ತಿ ಕೊಡವಿದಳು. ಒಂದು ತೋಳಿನ ಅಂಚು ಸುಟ್ಟಿತ್ತು. ಅದನ್ನು ಸವರುತ್ತ ಕಣ್ಣು ಒರೆಸಿಕೊಂಡಳು. ಹೊಗೆಗೆ ಎನ್ನುವಂತಿರಲಿಲ್ಲ, ಹೊಗೆ ಹೋಗಿ ಬಹಳ ಹೊತ್ತಾಗಿತ್ತು. ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದವಳು ತಡೆದುಕೊಂಡು, ನೇರ ದೊಡ್ಡಜ್ಜಿಗೇ ಹೇಳಿದಳು: "ಅಕ್ಕ, ಇದ್ನ ನೀನೇ ಮಡೀಕೊ."

ದೊಡ್ಡಜ್ಜಿ ಕೋಟು ಇಸಕೊಂಡು, ಒಂದೊಂದೇ ಗುಂಡಿ ಹಾಕಿ, ಮಡಿಸಿ, ಅಗ್ಗಿಷ್ಟಿಕೆಯ ಮುಂದೆ ಕೂತಳು.

"ಇಲ್ಲೇ ಇರ್ಲಿ ಬುಡು. ನಾಳೆ ಇನ್ಯಾವನಾದ್ರೂ ಬಂದ್ರೆ ಬೇಕಾಯ್ತದೆ. ಬಾ, ಮ್ಯಾಕೆ ತಳ್ಳು. ನಿನ್ ಕೈ ಉದ್ದ."